ಮಳೆಯ ಲೆಕ್ಕ ಸಿಕ್ಕಿದೆ, ನೆಲದ ಲೆಕ್ಕ ಬಾಕಿ ಇದೆ

ಜುಲೈ ತಿಂಗಳಲ್ಲಿ ಮಳೆ ಬಿಡದೆ ಹೊಡೆಯುವ ರಾತ್ರಿ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ಮನೆಗಳಲ್ಲಿ ಊಟದ ಹೊತ್ತಿಗೆ ಕೇಳಿಬರುವ ಪ್ರಶ್ನೆ ಒಂದೇ: ನಾಳೆ ರಜೆಯಾ? ಮಕ್ಕಳು ಕೇಳುತ್ತಾರೆ, ಅಪ್ಪ ಅಮ್ಮ ವಾಟ್ಸಾಪ್ ತೆರೆಯುತ್ತಾರೆ, ಜಿಲ್ಲಾಧಿಕಾರಿಯ ಆದೇಶ ಬಂತೋ ಇಲ್ಲವೋ ಎಂದು ಶಾಲೆಯ ಗ್ರೂಪಿನಲ್ಲಿ ಚರ್ಚೆ ನಡೆಯುತ್ತದೆ. ಹಳೆಯ ಆದೇಶದ ದಿನಾಂಕ ತಿದ್ದಿ ಹರಿಬಿಡುವವರೂ ಇದ್ದಾರೆ. ಅದು ಸುಳ್ಳು ಎಂದು ಜಿಲ್ಲಾಡಳಿತ ಸ್ಪಷ್ಟನೆ ಕೊಡಬೇಕಾಗುತ್ತದೆ. ಹವಾಮಾನ ಇಲಾಖೆಯ ರೆಡ್ ಅಲರ್ಟ್ ನಮ್ಮ ಮನೆಯೊಳಗೆ ಬರುವುದು ಹೆಚ್ಚಾಗಿ ಈ ದಾರಿಯಲ್ಲೇ. ರಜೆ ಸಿಕ್ಕಿತೆಂದರೆ ಎಚ್ಚರಿಕೆ ಮುಟ್ಟಿತು ಎಂದು ಎಲ್ಲರೂ ಮಲಗುತ್ತಾರೆ. ಮನೆ ಹಿಂದಿನ ಬರೆ (ಕಡಿದಾದ ಮಣ್ಣಿನ ದಿಣ್ಣೆ), ಗದ್ದೆಯಾಚೆಯ ತೋಡು, ಅಳಿವೆ ದಾಟಿ ಹೋದ ದೋಣಿ, ಇವುಗಳ ಮಾತು ಆ ರಾತ್ರಿ ಬರುವುದು ಕಡಿಮೆ.

ಮುನ್ಸೂಚನೆಯ ಗುಣಮಟ್ಟ ಕಳೆದ ಎರಡು ದಶಕಗಳಲ್ಲಿ ಬಹಳ ಸುಧಾರಿಸಿದೆ. ಇದನ್ನು ಮೊದಲೇ ಒಪ್ಪಿಕೊಳ್ಳಬೇಕು, ಏಕೆಂದರೆ ‘ಹವಾಮಾನ ಇಲಾಖೆಯವರು ಮಳೆ ಅಂದರೆ ಬಿಸಿಲು’ ಎಂಬ ಹಳೆಯ ಮಾತು ಇಂದಿಗೂ ಚಹಾದಂಗಡಿಗಳಲ್ಲಿ ಓಡಾಡುತ್ತಿದೆ. ಆದರೂ ಕರಾವಳಿಯಲ್ಲಿ ಪ್ರತಿ ಮಳೆಗಾಲವೂ ಸಾವು ನೋವು ತಪ್ಪುತ್ತಿಲ್ಲ. ಎಷ್ಟು ಮಳೆ ಬರಬಹುದು ಎಂದು ಇಲಾಖೆ ಹೇಳಬಲ್ಲದು. ಆ ಮಳೆ ಯಾವ ಗುಡ್ಡವನ್ನು ಜಾರಿಸುತ್ತದೆ, ಯಾವ ಕೇರಿಗೆ ನೀರು ನುಗ್ಗಿಸುತ್ತದೆ ಎಂದು ಹೇಳುವ ಏರ್ಪಾಡು ನಮ್ಮಲ್ಲಿ ಇನ್ನೂ ಕಟ್ಟಿಕೊಂಡಿಲ್ಲ. ನನ್ನ ತಕರಾರು ಇದರ ಬಗ್ಗೆ.

ಬಣ್ಣಗಳ ವಿಚಾರದಿಂದಲೇ ಶುರುಮಾಡೋಣ. ಬೆಳಗ್ಗೆ 8.30ರಿಂದ ಮರುದಿನ 8.30ರವರೆಗಿನ 24 ಗಂಟೆಗಳಲ್ಲಿ 64.5ರಿಂದ 115.5 ಮಿಲಿಮೀಟರ್ ಮಳೆಯಾದರೆ ಇಲಾಖೆಯ ಲೆಕ್ಕದಲ್ಲಿ ಅದು ಭಾರೀ ಮಳೆ. 204.4 ಮಿ.ಮೀ.ವರೆಗೆ ಅತಿ ಭಾರೀ. ಅದನ್ನೂ ಮೀರಿದರೆ ಅತ್ಯಂತ ಭಾರೀ. ಹಳದಿ ಬಣ್ಣ ‘ಗಮನವಿರಲಿ’ ಎನ್ನುತ್ತದೆ, ಕಿತ್ತಳೆ ‘ಸಿದ್ಧರಾಗಿ’ ಎನ್ನುತ್ತದೆ, ಕೆಂಪು ‘ಈಗಲೇ ಕ್ರಮ ಕೈಗೊಳ್ಳಿ’ ಎನ್ನುತ್ತದೆ. ಈ ಅಳತೆಗೋಲು ದೇಶಕ್ಕೆಲ್ಲ ಒಂದೇ. ರಾಯಚೂರಿನಲ್ಲಿ ದಿನಕ್ಕೆ 70 ಮಿ.ಮೀ. ಬಿದ್ದರೆ ಊರೆಲ್ಲ ಅದೇ ಸುದ್ದಿ. ಜುಲೈ ಒಂದರಲ್ಲೇ ಸಾವಿರ ಮಿ.ಮೀ. ಕಾಣುವ ಮಂಗಳೂರಿಗೆ ಅದು ಕೊಡೆ ಹಿಡಿದು ಕೆಲಸಕ್ಕೆ ಹೋಗುವ ದಿನ. ಮಳೆಗೆ ಒಗ್ಗಿಹೋದ ಜನಕ್ಕೆ ಮಿಲಿಮೀಟರಿನ ಹೆದರಿಕೆ ಇಲ್ಲ. ಹಾಗಾಗಿ ಕೆಂಪು ಬಣ್ಣ ಬಂದಾಗ ‘ಏನು ಮಾಡಬೇಕು’ ಎಂಬುದನ್ನು ಊರೂರಿಗೆ ಬಿಡಿಸಿ ಹೇಳದಿದ್ದರೆ ಆ ಬಣ್ಣಕ್ಕೆ ಇಲ್ಲಿ ಬೆಲೆ ಉಳಿಯುವುದಿಲ್ಲ.

ಎಚ್ಚರಿಕೆ ಜಿಲ್ಲೆಯ ಲೆಕ್ಕದಲ್ಲಿ ಬರುವುದೂ ಒಂದು ತೊಡಕು. ದಕ್ಷಿಣ ಕನ್ನಡ ಅಂದರೆ ಪಣಂಬೂರಿನ ಕಡಲೂ ಹೌದು, ಸುಬ್ರಹ್ಮಣ್ಯದ ಕಾಡೂ ಹೌದು. ಅರಬ್ಬೀ ಸಮುದ್ರದಿಂದ ಬರುವ ತೇವದ ಗಾಳಿ ಘಟ್ಟಕ್ಕೆ ಬಡಿದು ಮೇಲೇರಿದಂತೆ ಮಳೆ ಹೆಚ್ಚುತ್ತದೆ; ಒಂದೇ ಜಿಲ್ಲೆಯೊಳಗೆ ಒಂದು ತಾಲೂಕಿನಲ್ಲಿ ಧಾರಾಕಾರ, ಇನ್ನೊಂದರಲ್ಲಿ ತುಂತುರು. ಗುಜರಾತಿನಿಂದ ಕೇರಳದವರೆಗೆ ತೀರಕ್ಕೆ ಸಮಾನಾಂತರವಾಗಿ ಕಡಿಮೆ ಒತ್ತಡದ ಪಟ್ಟಿಯೊಂದು ಮಳೆಗಾಲದಲ್ಲಿ ಮೂಡುತ್ತದೆ, ಅದರೊಳಗೆ ಸಣ್ಣ ಸುಳಿಗಳೇಳುತ್ತವೆ. ಆ ಸುಳಿ ಹೊನ್ನಾವರದ ಎದುರು ನಿಲ್ಲುತ್ತದೋ ಕುಂದಾಪುರದ ಎದುರೋ ಎಂಬುದನ್ನು ಎರಡು ದಿನ ಮೊದಲೇ ಹೇಳುವುದು ಇಂದಿಗೂ ಕಷ್ಟ. 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ ದೇಶವನ್ನು ಆರು ಕಿ.ಮೀ. ಚೌಕಗಳಾಗಿ ನೋಡುತ್ತದೆ; ಅದಕ್ಕೆ ಮೊದಲಿನದು ಹನ್ನೆರಡು ಕಿ.ಮೀ. ಚೌಕದ್ದು. ಕಡಲಿಗೂ ಘಟ್ಟಕ್ಕೂ ನಡುವೆ ಇಷ್ಟು ಕಿರಿದಾದ ನೆಲವಿರುವ ನಮ್ಮಂಥ ಕಡೆಗೆ ಇದರ ಲಾಭ ದೊಡ್ಡದು.

ಮುಂದಿನ ಎರಡು ಮೂರು ಗಂಟೆಗಳ ಮಳೆ ಹೇಳುವುದಕ್ಕೆ ಬೇಕಾದದ್ದು ರಾಡಾರ್. ಬಹುಕಾಲ ನಮ್ಮ ಕರಾವಳಿ ಗೋವಾ ಮತ್ತು ಕೊಚ್ಚಿಯ ಡಾಪ್ಲರ್ ರಾಡಾರುಗಳನ್ನೇ ನೆಚ್ಚಿಕೊಂಡಿತ್ತು. ಕಾರವಾರ ಗೋವಾದ ರಾಡಾರಿಗೆ ಚೆನ್ನಾಗಿ ಕಾಣುತ್ತದೆ. ಮಂಗಳೂರು ಎರಡರಿಂದಲೂ 300 ಕಿ.ಮೀ.ಗೂ ಹೆಚ್ಚು ದೂರ. ಭೂಮಿ ದುಂಡಗಿರುವುದರಿಂದ ಅಷ್ಟು ದೂರ ಬರುವ ಹೊತ್ತಿಗೆ ರಾಡಾರಿನ ಕಿರಣ ನೆಲದಿಂದ ಏಳೆಂಟು ಕಿ.ಮೀ. ಮೇಲೆ ಹಾದುಹೋಗುತ್ತದೆ. ನಮ್ಮ ಮುಂಗಾರಿನ ಮೋಡಗಳಲ್ಲಿ ಬಹುಪಾಲು ಅದಕ್ಕಿಂತ ಕೆಳಗೇ ನಿಂತು ಸುರಿಯುವಂಥವು. ಕಿರಣದ ಕೆಳಗೆ ಊರು ಮುಳುಗುತ್ತಿದ್ದರೂ ಪರದೆಯ ಮೇಲೆ ಕಾಣದಿರಬಹುದು. ಮಂಗಳೂರಿಗೇ ರಾಡಾರ್ ಬೇಕು ಎಂದು ಇಲ್ಲಿಯ ಜನ ವರ್ಷಗಟ್ಟಲೆ ಒತ್ತಾಯಿಸಿದ್ದರ ಹಿಂದೆ ಇಂಥ ಗಟ್ಟಿ ಕಾರಣವಿತ್ತು.

ನೆಲದ ಮೇಲಿನ ಅಳತೆಯಲ್ಲಿ ಕರ್ನಾಟಕ ಉಳಿದ ರಾಜ್ಯಗಳಿಗಿಂತ ಮುಂದಿದೆ, ಇದನ್ನು ನಾವು ಹೆಮ್ಮೆಯಿಂದಲೇ ಹೇಳಬಹುದು. 1988ರಲ್ಲಿ ಬರದ ಮೇಲೆ ಕಣ್ಣಿಡಲು ಹುಟ್ಟಿದ ಪುಟ್ಟ ಘಟಕವೊಂದು ಇಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದಿದೆ. ಗ್ರಾಮ ಪಂಚಾಯತಿಗೊಂದರಂತೆ ಅದು ನೆಟ್ಟಿರುವ ಮಳೆಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಲೆಕ್ಕ ಕಳಿಸುತ್ತವೆ. ಸುಳ್ಯ, ಪುತ್ತೂರು ಕಡೆಯ ಅಡಿಕೆ ಕೃಷಿಕರಲ್ಲಿ ದಶಕಗಳಿಂದ ತಮ್ಮ ಅಂಗಳದ ಮಳೆಯನ್ನು ಅಳೆದು ಬರೆದಿಟ್ಟವರಿದ್ದಾರೆ. ಕೊಳೆರೋಗಕ್ಕೆ ಮದ್ದು ಬಿಡಲು ಎರಡು ದಿನದ ಬಿಸಿಲು ಯಾವಾಗ ಸಿಗುತ್ತದೆ ಎಂದು ಕಾಯುವವರು ಅವರು. ಮುನ್ಸೂಚನೆಯನ್ನು ನಿತ್ಯ ಪರೀಕ್ಷಿಸುವವರೂ ಅವರೇ. ಇಷ್ಟು ಅಂಕಿಅಂಶ ಇರುವ ನಾಡಿನಲ್ಲಿ, ‘ನಮ್ಮ ಪಂಚಾಯತಿಯಲ್ಲಿ ಮೂರು ದಿನದಿಂದ ಇಷ್ಟು ಬಿದ್ದಿದೆ, ಇನ್ನಿಷ್ಟು ಬಂದರೆ ಗುಡ್ಡದ ಬುಡದ ಮನೆಯವರು ಏಳಬೇಕು’ ಎಂದು ಪಂಚಾಯತಿ ಕಚೇರಿಯ ಬೋರ್ಡಿನಲ್ಲಿ ಬರೆದಿಡುವಂತಾಗಬೇಕಿತ್ತು.

ಗುಡ್ಡದ ವಿಚಾರಕ್ಕೇ ಬರುತ್ತೇನೆ. 2024ರ ಜುಲೈ 16ರ ಬೆಳಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಹೆದ್ದಾರಿ ಬದಿಯ ಚಹಾದಂಗಡಿ, ಅಲ್ಲಿ ನಿಂತಿದ್ದ ಜನ, ವಾಹನಗಳು, ಎಲ್ಲವೂ ಮಣ್ಣಿನೊಂದಿಗೆ ಗಂಗಾವಳಿ ನದಿಗೆ ಹೋದವು. ಅಷ್ಟು ಮಣ್ಣು ಒಮ್ಮೆಲೇ ನದಿಗೆ ಬಿದ್ದ ರಭಸಕ್ಕೆ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೆ ಅಪ್ಪಳಿಸಿತು. ಕೇರಳದ ಚಾಲಕನೊಬ್ಬನ ಲಾರಿ ನದಿಯ ತಳದಲ್ಲಿ ಸಿಕ್ಕಿದ್ದು ಎರಡು ತಿಂಗಳು ಕಳೆದ ಮೇಲೆ, ಗೋವಾದಿಂದ ಡ್ರೆಜರ್ ತರಿಸಿದ ಬಳಿಕ. ಆ ದಿನಗಳಲ್ಲಿ ಕರಾವಳಿಗೆ ಭಾರೀ ಮಳೆಯ ಎಚ್ಚರಿಕೆ ಇತ್ತು. ಮಳೆಯ ಮುನ್ಸೂಚನೆ ತಪ್ಪಲಿಲ್ಲ. ಹೆದ್ದಾರಿ ಅಗಲಿಸಲು ಬುಡ ಕತ್ತರಿಸಿದ ಗುಡ್ಡದ ಕೆಳಗೆ ಅಂಥ ಮಳೆಯಲ್ಲಿ ವಾಹನ ನಿಲ್ಲಿಸಬಾರದು ಎಂದು ತಡೆಯುವವರು ಮಾತ್ರ ಅಲ್ಲಿರಲಿಲ್ಲ.

ಇದು ಮೊದಲನೆಯದೂ ಆಗಿರಲಿಲ್ಲ. 2009ರ ಅಕ್ಟೋಬರ್ 2ರಂದು ಕಾರವಾರದ ಬಳಿ ಕಡವಾಡದಲ್ಲಿ ಗುಡ್ಡ ಕುಸಿದು 19 ಮಂದಿ ಮಣ್ಣಿನಡಿ ಸತ್ತರು. ಮಳೆಗಾಲ ಮುಗಿಯಿತೆಂದು ಜನ ನಿಟ್ಟುಸಿರು ಬಿಡುವ ತಿಂಗಳದು. ಇನ್ನೊಂದು ತುದಿಯಲ್ಲಿ 2025ರ ಮೇ ಕೊನೆಯ ವಾರವಿದೆ. ಆ ವರ್ಷ ಮುಂಗಾರು ಕೇರಳಕ್ಕೆ ಮೇ 24ಕ್ಕೇ ಬಂತು. ವಾಡಿಕೆಯ ದಿನ ಜೂನ್ 1. ಮಳೆಗಾಲದ ತಯಾರಿ ಮುಗಿಯುವ ಮೊದಲೇ ಮಂಗಳೂರಿನ ಹೊರವಲಯದಲ್ಲಿ ಮನೆಗಳ ಮೇಲೆ ಬರೆ ಜರಿದು ಮಕ್ಕಳೂ ಪ್ರಾಣ ಕಳೆದುಕೊಂಡರು. ತುಳುನಾಡಿನ ಉತ್ಸವಗಳಿಗೆ ತೆರೆಬೀಳುವ ಪತ್ತನಾಜೆಯ ದಿನಕ್ಕೆ ಭೂತಕೋಲ, ಯಕ್ಷಗಾನದ ಆಟ ಮುಗಿಸಿ, ಆಮೇಲೆ ಮಾಡು ರಿಪೇರಿ, ತೋಡು ಬಿಡಿಸುವ ಕೆಲಸ ಎಂದು ಲೆಕ್ಕ ಹಾಕುತ್ತಿದ್ದ ಕಾಲಕ್ಕೆ ಆ ವರ್ಷದ ಮಳೆ ಕಾಯಲಿಲ್ಲ.

ಕರಾವಳಿಯ ನೆಲ ಹೇಗಿದೆ ಎಂದು ಬಾವಿ ತೋಡಿದವರಿಗೆಲ್ಲ ಗೊತ್ತು. ಮೇಲೆ ಗಟ್ಟಿ ಮುರಕಲ್ಲು, ಅದರಡಿ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿ ಮಣ್ಣು. ಒಣಗಿದ್ದಾಗ ಈ ಮಣ್ಣು ಗೋಡೆಯಂತೆ ನೇರ ನಿಲ್ಲುತ್ತದೆ. ಅದನ್ನು ನಂಬಿಯೇ ಬೇಸಿಗೆಯಲ್ಲಿ ಜೆಸಿಬಿ ತಂದು ಇಪ್ಪತ್ತು ಮೂವತ್ತು ಅಡಿ ನೆಟ್ಟಗೆ ಕತ್ತರಿಸಿ ಮನೆಗೆ ಜಾಗ ಮಾಡುತ್ತಾರೆ. ಮುರಕಲ್ಲಿನ ತೂತುಗಳಿಂದ ಇಳಿದ ಮಳೆನೀರು ಶೇಡಿಯಲ್ಲಿ ನಿಂತು ಅದು ನೆನೆದಾಗ ಹಿಡಿತ ಬಿಡುತ್ತದೆ. ಕುಸಿತಕ್ಕೆ ಒಂದು ದಿನದ ಮಳೆಗಿಂತ ಹಲವು ದಿನ ನೆನೆದ ಮೇಲೆ ಬೀಳುವ ಜೋರು ಮಳೆ ಹೆಚ್ಚು ಅಪಾಯ. ಮಳೆ ಬಿಟ್ಟ ಮರುದಿನವೂ ಬರೆ ಜರಿಯಬಹುದು. ಗುಡ್ಡ ಸೂಚನೆ ಕೊಡದೆ ಬೀಳುವುದು ಕಡಿಮೆ: ತಲೆಭಾಗದಲ್ಲಿ ಬಿರುಕು, ವಾಲಿದ ಮರ ಅಥವಾ ಕರೆಂಟ್ ಕಂಬ, ಇಲ್ಲದ ಕಡೆ ಹೊಸ ಒಸರು, ತಿಳಿಯಾಗಿ ಬರುತ್ತಿದ್ದ ನೀರು ಇದ್ದಕ್ಕಿದ್ದಂತೆ ಕೆಂಪಾಗುವುದು, ಬಾಗಿಲು ಚೌಕಟ್ಟಿನಲ್ಲಿ ಬಿಗಿಯಾಗುವುದು. ಇವುಗಳಲ್ಲಿ ಒಂದು ಕಂಡರೂ ಆ ರಾತ್ರಿ ಅಲ್ಲಿ ಮಲಗಕೂಡದು.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 2024ರ ಜುಲೈನಲ್ಲಿ ಕೋಲ್ಕತ್ತದಲ್ಲಿ ರಾಷ್ಟ್ರೀಯ ಭೂಕುಸಿತ ಮುನ್ಸೂಚನಾ ಕೇಂದ್ರ ತೆರೆದಿದೆ. ನೀಲಗಿರಿ, ಡಾರ್ಜಿಲಿಂಗ್‌ಗಳಲ್ಲಿ ಮೊದಲು ಪ್ರಯೋಗವಾದ ಈ ಎಚ್ಚರಿಕೆ ಉತ್ತರ ಕನ್ನಡಕ್ಕೂ ದಕ್ಷಿಣ ಕನ್ನಡಕ್ಕೂ ನಿತ್ಯದ ಸೇವೆಯಾಗಿ ಸಿಗಬೇಕು. ಆದರೆ ಅದು ಬರುವವರೆಗೆ ಕಾಯಬೇಕಾದ ಅಗತ್ಯವಿಲ್ಲ. ಒಂದು ಪಂಚಾಯತಿಯಲ್ಲಿ ಅಪಾಯದ ಬರೆಗಳೆಷ್ಟು, ಅವುಗಳ ಕೆಳಗೆ ಮನೆಗಳೆಷ್ಟು ಎಂಬುದು ಅಂಗನವಾಡಿ ಕಾರ್ಯಕರ್ತೆಗೂ ಆಶಾ ಕಾರ್ಯಕರ್ತೆಗೂ ಬಾಯಿಪಾಠ. ಆ ತಿಳಿವಳಿಕೆಯನ್ನು ಕಾಗದಕ್ಕಿಳಿಸಿ, ಯಾರು ಯಾರನ್ನು ಎಬ್ಬಿಸಬೇಕು, ಎಲ್ಲಿಗೆ ಕಳಿಸಬೇಕು ಎಂದು ಹೆಸರು ಹಚ್ಚುವ ಕೆಲಸ ಒಂದು ವಾರದ್ದು.

ನೆರೆಯ ವಿಚಾರದಲ್ಲಿ ಹಳೆಯ ನೆನಪು ಗಟ್ಟಿಯಾಗಿದೆ. 1923ರ ನೇತ್ರಾವತಿ ನೆರೆಯನ್ನು ತುಳುವಿನಲ್ಲಿ ‘ಮಾರಿಬೊಳ್ಳ’ ಎಂದೇ ಕರೆಯುತ್ತಾರೆ. 1974ರದ್ದನ್ನು ನೋಡಿದವರು ಬಂಟ್ವಾಳ, ಪಾಣೆಮಂಗಳೂರಿನಲ್ಲಿ ಇನ್ನೂ ಇದ್ದಾರೆ. ಬಂಟ್ವಾಳದಲ್ಲಿ 8.5 ಮೀಟರ್ ಅಪಾಯದ ಮಟ್ಟ ಎಂದರೆ ಯಾವ ಮೆಟ್ಟಿಲಿಗೆ ನೀರು ಬರುತ್ತದೆ ಎಂದು ಪೇಟೆಯವರು ಹೇಳಬಲ್ಲರು. ಅಂಥ ಅನುಭವ ಇಲ್ಲದ ಕಡೆ ಪೆಟ್ಟು ದೊಡ್ಡದು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಕಡೆಯಿಂದ ಇಳಿದ ನೀರು ಬೆಳ್ತಂಗಡಿಯ ಹಳ್ಳಿಗಳಲ್ಲಿ ಮರಳು, ಮರದ ದಿಮ್ಮಿ ಹೊತ್ತು ತಂದು ತೋಟಗಳ ಮೇಲೆ ಸುರಿಯಿತು. 2020ರ ಸೆಪ್ಟೆಂಬರ್ 20ರಂದು ಉಡುಪಿಯಲ್ಲಿ ಒಂದೇ ದಿನ 300 ಮಿ.ಮೀ. ಮೀರಿ ಮಳೆಯಾಗಿ, ನೀರು ಕಾಣದ ಬಡಾವಣೆಗಳಲ್ಲೂ ದೋಣಿ ಇಳಿಸಬೇಕಾಯಿತು.

ಪೇಟೆಗಳ ನೆರೆಗೆ ಇನ್ನೊಂದು ಕಾರಣವಿದೆ, ಅದರ ಬಗ್ಗೆ ಮಾತು ಕಡಿಮೆ. ಮಂಗಳೂರಿನ ತೋಡುಗಳೂ ರಾಜಕಾಲುವೆಗಳೂ ಕೊನೆಗೆ ಸೇರುವುದು ನದಿಗೆ ಅಥವಾ ಅಳಿವೆಗೆ. ಉಬ್ಬರದ ಹೊತ್ತಿಗೆ ಜೋರು ಮಳೆ ಬಂದರೆ ನೀರು ಹೊರಗೆ ಹೋಗುವುದಿಲ್ಲ. 2018ರ ಮೇ 29ರಂದು ನಗರ ಮುಳುಗಿದಾಗಲೂ, ಆನಂತರದ ಸಣ್ಣ ಮುಳುಗಡೆಗಳಲ್ಲೂ ಎಲ್ಲರೂ ಬೈದದ್ದು ಹೂಳು ಮತ್ತು ಒತ್ತುವರಿಯನ್ನು, ಬೈಗುಳ ನ್ಯಾಯವಾದದ್ದೇ. ಆದರೆ ಉಬ್ಬರ ಇಳಿತದ ವೇಳೆ ವರ್ಷ ಮೊದಲೇ ಲೆಕ್ಕ ಹಾಕಿಟ್ಟಿರುತ್ತಾರೆ. ಮಳೆಯ ಮುನ್ಸೂಚನೆಯ ಪಕ್ಕ ಉಬ್ಬರದ ಗಂಟೆಯನ್ನೂ ಬರೆದು ಕೊಟ್ಟರೆ ಕೊಟ್ಟಾರ, ಕುದ್ರೋಳಿ ಕಡೆಯವರು ವಾಹನ ಎತ್ತರಕ್ಕೆ ಒಯ್ಯಲು ಎರಡು ಗಂಟೆ ಸಿಗುತ್ತದೆ. ಪೈಸೆ ಖರ್ಚಿಲ್ಲದ ಕೆಲಸವಿದು.

ಕಡಲಿನ ಕಡೆ ಚಿತ್ರ ಬೇರೆ. ಅಲೆ, ಗಾಳಿ, ಒಳಹರಿವಿನ ಮುನ್ಸೂಚನೆ ಕೊಡುವುದು ಹೈದರಾಬಾದಿನ ಭಾರತೀಯ ಸಾಗರ ಮಾಹಿತಿ ಸೇವೆಗಳ ರಾಷ್ಟ್ರೀಯ ಕೇಂದ್ರ, ಅಂದರೆ ‘ಇನ್‌ಕಾಯಿಸ್’. ಸುನಾಮಿ ಎಚ್ಚರಿಕಾ ಕೇಂದ್ರ ಕೂಡ 2007ರಿಂದ ಅಲ್ಲೇ ಇದೆ. ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ದಿನಗಳ ಬಳಿಕ ಇಲ್ಲಿ ಗಾಳಿಯೇ ಇಲ್ಲದ ಹೊತ್ತಿನಲ್ಲಿ ತೀರಕ್ಕೆ ನುಗ್ಗುವುದನ್ನೂ ಅದು ಮೊದಲೇ ಹೇಳುತ್ತದೆ. ಆಕಾಶ ತಿಳಿಯಾಗಿದೆ ಎಂದು ಕಡಲನ್ನು ನಂಬಬಾರದು ಎನ್ನಲು ಇದಕ್ಕಿಂತ ಕಾರಣ ಬೇಕಿಲ್ಲ.

ಅರಬ್ಬೀ ಸಮುದ್ರ ಮೊದಲಿನಂತಿಲ್ಲ. 1982ರಿಂದ 2000ದ ಅವಧಿಗೆ ಹೋಲಿಸಿದರೆ 2001ರಿಂದ 2019ರವರೆಗೆ ಅಲ್ಲಿ ಚಂಡಮಾರುತಗಳು ಶೇ 52ರಷ್ಟು ಹೆಚ್ಚಿವೆ ಎಂದು ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯ ವಿಜ್ಞಾನಿಗಳು ತೋರಿಸಿದ್ದಾರೆ. ಕಡಲು ಬಿಸಿಯಾದಷ್ಟೂ ಅವು ಬೇಗ ಬಲಗೊಳ್ಳುತ್ತವೆ, ಎಚ್ಚರಿಸಲು ಸಿಗುವ ಸಮಯ ಕಡಿಮೆಯಾಗುತ್ತದೆ. 2017ರ ನವೆಂಬರ್ ಕೊನೆಯಲ್ಲಿ ಒಖಿ ಒಂದೇ ದಿನದಲ್ಲಿ ವಾಯುಭಾರ ಕುಸಿತದಿಂದ ಚಂಡಮಾರುತವಾಯಿತು. ಆಗ ಕೇರಳ, ತಮಿಳುನಾಡಿನ ದೋಣಿಗಳು ಆಳಕಡಲಿನಲ್ಲಿದ್ದವು, ಮೊಬೈಲ್ ಸಿಗ್ನಲ್ ಅಲ್ಲಿಗೆ ಮುಟ್ಟುವುದಿಲ್ಲ. ನೂರಾರು ಮೀನುಗಾರರು ತಿರುಗಿ ಬರಲಿಲ್ಲ. 2021ರ ಮೇ ತಿಂಗಳ ತೌಕ್ತೆಯ ಹೊತ್ತಿಗೆ ಎಚ್ಚರಿಕೆ ದಿನಗಳ ಮೊದಲೇ ಬಂದಿತ್ತು. ಆದರೂ ಮಂಗಳೂರಿನ ಆಚೆ ಇದ್ದ ಟಗ್ಗೊಂದು ಮಗುಚಿತು. ಇನ್ನೊಂದು ಮುಲ್ಕಿಯ ಬಳಿ ಬಂಡೆಗಳಿಗೆ ಸಿಕ್ಕಿಕೊಂಡಿತು, ಅದರಲ್ಲಿದ್ದ ಒಂಬತ್ತು ಮಂದಿಯನ್ನು ನೌಕಾಪಡೆಯ ಹೆಲಿಕಾಪ್ಟರೂ ತಟರಕ್ಷಣಾ ಪಡೆಯೂ ಸೇರಿ ಬದುಕಿಸಿದವು. ಅದೇ ಚಂಡಮಾರುತ ಮುಂಬೈ ಆಚೆ ಪಿ-305 ಬಾರ್ಜನ್ನು ಮುಳುಗಿಸಿದಾಗ ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಎಚ್ಚರಿಕೆ ಕೈಯಲ್ಲಿದ್ದೂ ದಡಕ್ಕೆ ಬಾರದವರ ಸಾವು ಅದು. ಆ ತೀರ್ಮಾನ ಸಮುದ್ರದ ಮೇಲಿದ್ದ ಕೂಲಿಯವರದ್ದಾಗಿರಲಿಲ್ಲ.

ಒಖಿಯ ಬಳಿಕ ಉಪಗ್ರಹದ ಮೂಲಕ ಆಳಕಡಲಿಗೆ ಎಚ್ಚರಿಕೆ ಕಳಿಸುವ ‘ಜೆಮಿನಿ’ ಉಪಕರಣ 2019ರಲ್ಲಿ ಬಂತು. ಅದರಲ್ಲಿ ಸಂದೇಶ ಕೇಳಬಹುದು, ಹೇಳಲು ಆಗುವುದಿಲ್ಲ. ಎರಡೂ ಕಡೆ ಮಾತಾಡುವ ಟ್ರಾನ್ಸ್‌ಪಾಂಡರ್‌ಗಳನ್ನು ಒಂದು ಲಕ್ಷ ದೋಣಿಗಳಿಗೆ ಕೊಡುವ ಯೋಜನೆ 2024ರ ಆಗಸ್ಟ್‌ನಲ್ಲಿ ಆರಂಭವಾಗಿದೆ. ಮಲ್ಪೆ, ಗಂಗೊಳ್ಳಿ, ತದಡಿಯ ತಂಡೇಲರಿಗೆ, ಅಂದರೆ ಬೋಟು ನಡೆಸುವವರಿಗೆ, ಬೇಕಾದದ್ದು ಇದು, ಅದೂ ಕನ್ನಡದಲ್ಲಿ ಮಾತಾಡುವಂಥದ್ದು.

ಆದರೆ ನಮ್ಮ ಮೀನುಗಾರರ ಸಾವು ಹೆಚ್ಚಾಗಿ ಆಳಕಡಲಿನಲ್ಲಿ ಆಗುವುದಿಲ್ಲ, ದಡ ಕಾಣುವ ಅಳಿವೆಯಲ್ಲೇ ಆಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ನಿಷೇಧವಿದ್ದರೂ ನಾಡದೋಣಿಗಳಿಗೆ ಅವಕಾಶವಿದೆ. ನದಿಯ ನೆರೆನೀರು ಹೊರಗೆ ನುಗ್ಗುವಾಗ, ಕಡಲಿನ ಅಲೆ ಒಳಗೆ ಬರುವಾಗ, ನಡುವೆ ಹೂಳಿನ ದಿಬ್ಬ ಎದ್ದಿರುವಾಗ ಅಳಿವೆ ದಾಟುವುದು ಪ್ರಾಣ ಒತ್ತೆಯಿಡುವ ಕೆಲಸ. 2025ರ ಜುಲೈನಲ್ಲಿ ಗಂಗೊಳ್ಳಿಯಲ್ಲೂ ಭಟ್ಕಳದ ಬಳಿಯೂ ಹೀಗೆ ದೋಣಿಗಳು ಮಗುಚಿದವು. ಎರಡು ತಿಂಗಳು ಒಲೆ ಉರಿಯಬೇಕಲ್ಲ ಎಂದು ಹೋಗುವವರಿಗೆ ‘ಸಮುದ್ರಕ್ಕೆ ಇಳಿಯಬೇಡಿ’ ಎಂಬ ಒಂದು ಸಾಲಿನ ಪ್ರಕಟಣೆ ಸಾಲದು. ಪ್ರತಿ ಅಳಿವೆಗೂ ಬೇರೆಯಾಗಿ, ಇಂದು ದಾಟಬಹುದೇ ಬೇಡವೇ ಎಂದು ದಕ್ಕೆಯಲ್ಲಿ ಬಾವುಟ ಏರಿಸಿ ಹೇಳಬೇಕು. ಇಳಿಯದ ದಿನಗಳಿಗೆ ಪರಿಹಾರ ಕೊಡಬೇಕು. ಹೂಳು ಮಳೆಗಾಲಕ್ಕೆ ಮೊದಲೇ ತೆಗೆಯಬೇಕು.

ಪ್ರವಾಸಿಗರ ವಿಚಾರವಂತೂ ಎದೆ ಹಿಂಡುತ್ತದೆ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸ ಬಂದಿದ್ದ ನಾಲ್ವರು ಹುಡುಗಿಯರು ನೀರುಪಾಲಾದರು. ಬಯಲುಸೀಮೆಯ ಮಕ್ಕಳಿಗೆ ಕಡಲು ಅಂದರೆ ದೊಡ್ಡ ಕೆರೆ. ದಡದಿಂದ ಹೊರಕ್ಕೆ ಎಳೆಯುವ ಸೆಳೆತ ಹೆಚ್ಚಾಗಿ ಅಲೆ ಒಡೆಯದ, ಶಾಂತವಾಗಿ ಕಾಣುವ ಜಾಗದಲ್ಲೇ ಇರುತ್ತದೆ. ಹೊಸಬರು ಇಳಿಯುವುದೂ ಅಲ್ಲಿಗೇ. ಸಿಕ್ಕಿಕೊಂಡವರು ದಡದ ಕಡೆ ಈಜಿ ಸೋಲಬಾರದು, ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಬೇಕು. ಶಾಲೆಯಿಂದ ಬಸ್ಸು ಹೊರಡುವ ಮೊದಲೇ ಈ ಪಾಠ ಆಗಬೇಕು.

ಸಿಡಿಲಿಗೆ ಏಪ್ರಿಲ್–ಮೇ, ಅಕ್ಟೋಬರ್–ನವೆಂಬರಿನ ಸಂಜೆಗಳು ಹೆಚ್ಚು ಅಪಾಯ. ‘ಸಿಡಿಲು’, ‘ದಾಮಿನಿ’ ಆ್ಯಪ್‌ಗಳು ಹತ್ತಿರ ಬರುವ ಗುಡುಗಿನ ಸೂಚನೆ ಕೊಡುತ್ತವೆ. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ ನೆನೆಯುತ್ತದೆಂದು ಓಡುವ ಆ ಎರಡು ನಿಮಿಷವೇ ಎಷ್ಟೋ ಮನೆಗಳಲ್ಲಿ ಜೀವ ತೆಗೆದಿದೆ. ಅಡಿಕೆ ನೆನೆಯಲಿ.

ಒಡಿಶಾದಲ್ಲಿ 1999ರ ಮಹಾ ಚಂಡಮಾರುತಕ್ಕೆ ಸುಮಾರು ಹತ್ತು ಸಾವಿರ ಜನ ಬಲಿಯಾದರು. 2013ರಲ್ಲಿ ಫೈಲಿನ್ ಅಪ್ಪಳಿಸಿದಾಗ ಸತ್ತವರು ಐವತ್ತಕ್ಕಿಂತ ಕಡಿಮೆ. ನಡುವಿನ ಹದಿನಾಲ್ಕು ವರ್ಷಗಳಲ್ಲಿ ಮುನ್ಸೂಚನೆ ಸುಧಾರಿಸಿತು, ಅದರ ಜೊತೆಗೆ ಊರಿಗೊಂದು ಆಸರೆ ಕಟ್ಟಡ, ಬೀದಿಗೊಬ್ಬ ಸ್ವಯಂಸೇವಕ, ಯಾವ ಮುದುಕಿಯನ್ನು ಯಾರು ಹೊತ್ತೊಯ್ಯಬೇಕು ಎಂಬ ಪಟ್ಟಿ, ವರ್ಷಕ್ಕೊಮ್ಮೆ ಅದರ ಅಭ್ಯಾಸ ಎಲ್ಲವೂ ಆಯಿತು. ನಮ್ಮ ಕರಾವಳಿಯಲ್ಲೂ ಚಂಡಮಾರುತ ಆಸರೆ ಕೇಂದ್ರಗಳನ್ನು ಕಟ್ಟಿದ್ದಾರೆ. ಪಟ್ಟಿ ಮತ್ತು ಅಭ್ಯಾಸ ಇನ್ನು ಆಗಬೇಕು.

ಇದನ್ನು ಓದುತ್ತಿರುವವರು ಕರಾವಳಿಯವರಾದರೆ ಒಂದು ಕೋರಿಕೆ. ಬರುವ ಏಪ್ರಿಲ್‌ನಲ್ಲೇ ನಿಮ್ಮ ಗ್ರಾಮಸಭೆಯಲ್ಲಿ ಅಥವಾ ವಾರ್ಡ್ ಸಭೆಯಲ್ಲಿ ಎದ್ದು ನಿಂತು ಮೂರು ವಿಷಯ ಕೇಳಿ: ನಮ್ಮಲ್ಲಿ ಅಪಾಯದ ಬರೆಗಳು ಎಲ್ಲೆಲ್ಲಿವೆ, ಕೆಂಪು ಎಚ್ಚರಿಕೆ ಬಂದ ರಾತ್ರಿ ಅಲ್ಲಿಯವರನ್ನು ಎಬ್ಬಿಸುವವರು ಯಾರು, ಅವರು ಮಲಗಲು ಯಾವ ಶಾಲೆಯ ಬಾಗಿಲು ತೆರೆದಿರುತ್ತದೆ. ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ಜಿಲ್ಲಾ ವಿಕೋಪ ನಿಯಂತ್ರಣ ಕೊಠಡಿಯ ಸಂಖ್ಯೆ 1077, ಎಲ್ಲ ತುರ್ತಿಗೂ 112, ಕಡಲಿನ ಅವಘಡಕ್ಕೆ ತಟರಕ್ಷಣಾ ಪಡೆಯ 1554, ಕರಾವಳಿ ಕಾವಲು ಪೊಲೀಸರ 1093.